ಷರಾ

ಮೂರನೇ ಮಹಡಿ, ಎಡಗಡೆ.
ಡಂಡೀ ಊರಿನ ಹಳೇ ಕಟ್ಟಡಗಳಲ್ಲಿ ಮನೆಗೆ ಇಷ್ಟೇ ಹೆಸರು:
ಎಡ, ಬಲ, ನಡುವೆ ಕಲ್ಲಿನ ಮೆಟ್ಟಿಲು ಅರವತ್ತಾರು.
ಗೋಣಿನಾರಿನ ಗಿರಣಿಯವರಿಗೆಂದು ಕಟ್ಟಿದ್ದಂತೆ.
ಚಿಕ್ಕಮ್ಮ ಐನಾ ಸತ್ತಾಗ ನನ್ನ ಪಾಲಿಗೆ ಬಂತು,
ಮನೆಯ ಜೊತೆ ವಿಲ್ಮಾ ರೆನ್ನಿ,
ವಿಲ್ಮಾಳ ಜೊತೆ ಸೋರುವ ನಲ್ಲಿ.

ನಾನು ಬಸ್ಸು ಓಡಿಸಿದವನು.
ಬಸ್ಸಿನವರು ತಮ್ಮ ಸ್ಟಾಪು ಬಂದರೆ ಇಳಿದುಹೋಗುತ್ತಾರೆ,
ನಡುರಾತ್ರಿ ಫೋನು ಮಾಡಿ ನೀರು ಬಿಸಿಯಾಗಿಲ್ಲ ಅನ್ನುವುದಿಲ್ಲ.

ವರ್ಷಕ್ಕೊಮ್ಮೆ ಗ್ಯಾಸಿನವನ ಪ್ರಮಾಣಪತ್ರ,
ಐದು ವರ್ಷಕ್ಕೊಮ್ಮೆ ಕರೆಂಟಿನವನದು,
ಮೂರು ವರ್ಷಕ್ಕೊಮ್ಮೆ, ನಾನು ಮಾಲೀಕನಾಗಲು ಯೋಗ್ಯನೆಂದು
ನಗರಸಭೆಗೆ ನಾನೇ ಬರೆದುಕೊಳ್ಳುವ ಅರ್ಜಿ.
ಹೊಗೆ ಕಂಡರೆ ಕೂಗುವ ಡಬ್ಬಿ ಮೂರು,
ಅವು ಕೂಗುತ್ತವೆ ಎಂಬುದಕ್ಕೆ ಕಾಗದ ಒಂದು.
ಮದುವೆಗೂ ಇಷ್ಟು ಸಹಿ ಹಾಕಿದವನಲ್ಲ ನಾನು.

ಈಗ ವಿಲ್ಮಾ ಹೊರಟಿದ್ದಾಳೆ.
ಮಂಡಿ ಹೇಳಿತಂತೆ, ಇನ್ನು ನೆಲಮಹಡಿ ನೋಡಿಕೋ ಎಂದು.
ತೆರವಿನ ಪಟ್ಟಿ ಹಿಡಿದು ಕೋಣೆ ಕೋಣೆ ಸುತ್ತುತ್ತೇನೆ.
ವಸ್ತು. ಸಂಖ್ಯೆ. ಬಂದಾಗ ಹೇಗಿತ್ತು. ಹೋಗುವಾಗ ಹೇಗಿದೆ.
ಕೊನೆಗೆ ಬೆರಳಗಲದ ಜಾಗ: ಷರಾ.

ಕುರ್ಚಿ ನಾಲ್ಕು. ಒಂದಕ್ಕೆ ಕುಂಟು, ಐನಾ ಕಾಲದ್ದೇ.
ಪರದೆ ಎರಡು ಜೊತೆ. ಹಸಿರು ಅಂತ ಬರೆದಿದೆ,
ಈಗಿನ ಬಣ್ಣಕ್ಕೆ ಹೆಸರಿಲ್ಲ.
ಅಡುಗೆಮನೆಯ ನೆಲಹಾಸು: ತೊಟ್ಟಿಯ ಮುಂದೆ
ಬಿಳಿಚಿಕೊಂಡ ಎರಡು ಮಚ್ಚೆ,
ಹತ್ತೊಂಬತ್ತು ವರ್ಷ ಪಾತ್ರೆ ತೊಳೆದ ಎರಡು ಪಾದ.

ಸಹಜ ಸವೆತ ಎಂದರೆ ಮುಂಗಡದಲ್ಲಿ ಮುರಿಯುವಂತಿಲ್ಲ.
ಹಾನಿ ಎಂದರೆ ಮುರಿಯಬಹುದು.
ನಿಯಮ ಅಷ್ಟೇ. ಮೂರನೆಯ ಪದ ಕೊಟ್ಟಿಲ್ಲ.

ಮಲಗುವ ಕೋಣೆಯ ಬಾಗಿಲಲ್ಲಿ
ಮುಷ್ಟಿಯಷ್ಟು ಒಂದು ಗುಂಡಿ.
ಇದು? ಅಂದೆ.
ರಾಬ್, ಅಂದಳು. ಎರಡು ಸಾವಿರದ ಎಂಟು.
ಅವನು ಹೋದ. ಇದರ ಮೇಲೆ ಕ್ಯಾಲೆಂಡರ್ ತೂಗುಹಾಕುತ್ತ ಬಂದೆ,
ತೆಗೆದದ್ದು ಇವತ್ತು.

ಸ್ಟಾಪಿಲ್ಲದ ಕಡೆ ಯಾರೋ ಗಂಟೆ ಒತ್ತಿದಂತೆ
ಪೆನ್ನು ನಿಂತಿತು.
ಸಹಜ ಸವೆತ, ಅಂತ ಬರೆದೆ.
ಓದಿದರೆ ಸುಳ್ಳು. ಹೊಡೆದುಹಾಕಿದೆ.
ಹಾನಿ, ಅಂತ ಬರೆದು
ಮೊತ್ತದ ಮನೆಯಲ್ಲಿ ಸೊನ್ನೆ ಹಾಕಿದೆ.
ಅವಳು ತಲೆಕೆಳಗಾಗಿಯೇ ಓದಿಕೊಂಡಳು, ಮಾತಾಡಲಿಲ್ಲ.

ಆಮೇಲೆ, ಈಗ ನನ್ನ ಲೆಕ್ಕ, ಎಂದು
ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲಿಟ್ಟಳು.
ಒಳಗೆ ವಾರವಾರದ ರಸೀದಿ, ರಬ್ಬರ್ ಬ್ಯಾಂಡಿನಲ್ಲಿ ವರ್ಷವರ್ಷ,
ಐನಾಳ ನೇರಳೆ ಪೆನ್ಸಿಲ್ಲು, ಬಾಗಿದ ಏಳು.
ಎಣಿಸು, ಅಂದಳು. ಎರಡು ಸಾವಿರದ ಹನ್ನೊಂದು.
ಎಣಿಸಿದೆ. ಐವತ್ಮೂರು ವಾರ.
ಮತ್ತೆ ಎಣಿಸಿದೆ. ವರ್ಷ ದೊಡ್ಡದಾಗಲಿಲ್ಲ, ವಾರ ಕಡಿಮೆಯಾಗಲಿಲ್ಲ.
ಇಷ್ಟು ದಿನ ಯಾಕೆ ಕೇಳಲಿಲ್ಲ?
ಬೇಕಾದೀತು ಅಂತ ಇಟ್ಟಿದ್ದೆ, ಅಂದಳು,
ನೀನು ಒಮ್ಮೆ ಜೋರು ಮಾಡಿದರೆ ತೆಗೆಯೋಣ ಅಂತ.
ನೀನು ಮಾಡಲೇ ಇಲ್ಲ.

ಎಪ್ಪತ್ತೊಂದು ಪೌಂಡು. ಬಡ್ಡಿ ಬೇಡವಂತೆ.
ಎಣಿಸಿಕೊಟ್ಟೆ. ಅವಳು ರಸೀದಿ ಹರಿದುಕೊಟ್ಟಳು,
ಲಕೋಟೆಯ ಬೆನ್ನಿನ ಮೇಲೆ, ದಿನಾಂಕ ಸಮೇತ.
ಒಂಬತ್ತು ವರ್ಷದ ಮಾಲೀಕತನದಲ್ಲಿ
ನನ್ನ ಹೆಸರಿಗೆ ಬಂದ ಮೊದಲನೆಯದು.

ವ್ಯಾನು ತಿರುವಿನಲ್ಲಿ ಮರೆಯಾಯಿತು.
ಬೀಗದ ಕೈ ಎರಡು ಸರಿ ಇವೆ,
ಮೂರನೆಯದು ಈ ಮನೆಯ ಯಾವ ಬಾಗಿಲಿಗೂ ಕೂರುವುದಿಲ್ಲ.
ಪಟ್ಟಿಯಲ್ಲಿ ಮೂರು ಅಂತಲೇ ಇದೆ. ಇರಲಿ.

ಹೊರಗೆ ಬಂದರೆ ಹಿಡಿಕೆಗೆ ತೂಗುತ್ತಿದೆ
ಎದುರುಮನೆಯವರು ಬಿಟ್ಟ ರಟ್ಟು:
ಮೆಟ್ಟಿಲು ತೊಳೆಯುವ ಸರದಿ ಈ ವಾರ ನಿಮ್ಮದು.
ನಿಮ್ಮದು ಅಂದರೆ ಯಾರದು ಎಂದು ಅದು ಹೇಳುವುದಿಲ್ಲ,
ಬಾಗಿಲು ಯಾರದೋ ಅವರದು.

ಅವಳು ಬಿಟ್ಟುಹೋದ ಬಕೆಟ್ಟು. ಪಟ್ಟಿಯಲ್ಲಿಲ್ಲ.
ಕೋಟು ಕಳಚಿ ಕೆಳಗಿನಿಂದ ಶುರುಮಾಡಿದೆ.
ಇಪ್ಪತ್ತು ಮೆಟ್ಟಿಲು ಮುಗಿಸಿ ತಿರುಗಿ ನೋಡಿದಾಗ
ಕೊಳೆನೀರು ತೊಳೆದದ್ದರ ಮೇಲೇ ಇಳಿಯುತ್ತಿತ್ತು.
ಮಂಡಿಗೆ ಕೈಯೂರಿ ಎದ್ದೆ.
ಮೇಲಿನಿಂದ ತೊಳೆಯಬೇಕಿತ್ತು.