ತಿಕ್ಕು, ತುಕ್ಕು

ವಾಲ್ವಿಸ್ ಬೇಯಲ್ಲಿ ಮಳೆ ಅಪರೂಪ.
ಬರುವುದು ಕಾವಳ.
ನಸುಕಿನಲ್ಲಿ ಕಡಲಿಂದೆದ್ದು, ಉಪ್ಪು ಹೊತ್ತು,
ನಮ್ಮ ಸಾಲುಮನೆಗಳ ತಗಡು ನೆಕ್ಕುತ್ತದೆ.
ಬಾಗಿಲ ತಿರುಗಣೆ, ಸೈಕಲ್ಲಿನ ಸರಪಳಿ,
ಪಕ್ಕದ ಮನೆಯವನ ಕಾರಿನ ಹೊಟ್ಟೆ,
ಯಾವುದನ್ನೂ ಬಿಟ್ಟದ್ದಿಲ್ಲ.
ಇಂಥ ಊರಲ್ಲಿ, ನೀವೇ ಹೇಳಿ,
ತುಕ್ಕೇ ಹಿಡಿಯದ ಪಾತ್ರೆ ಎಂದರೆ
ಯಾವ ಹೆಂಗಸು ನಂಬುತ್ತಾಳೆ?

ನಾನು ನಂಬಿದೆ.
ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ಸಾರ್ಡೀನುಗಳ ತಲೆ ತರಿದದ್ದಕ್ಕೆ
ಕೊನೆಯ ದಿನ ಒಂದು ಕಾಗದ, ಒಂದು ಕೈಕುಲುಕು,
ಮತ್ತೆ ಈ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ, ಮುಚ್ಚಳ ಸಮೇತ.
ಒಂಬತ್ತು ಲೀಟರ್ ಹಿಡಿಯುತ್ತದೆ.
ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು; ನೋಡಿಕೊಂಡೆ.
ಮೂಗು ಅಂಗೈಯಗಲ, ಹಣೆ ಇಷ್ಟೇ ಇಷ್ಟು.
ನಕ್ಕುಬಿಟ್ಟೆ.

ಮೂರನೇ ತಿಂಗಳಿಗೆ ಕಂದು ಚುಕ್ಕೆ.
ಮೊದಲು ಒಂದು, ಹಿಡಿಯ ಬುಡದಲ್ಲಿ.
ಆಮೇಲೆ ಮೈತುಂಬ, ದಡಾರ ಎದ್ದ ಹಾಗೆ.
ತಿಕ್ಕಿದೆ.
ಕಬ್ಬಿಣದ ನಾರು ತಂದು, ಮಂಡಿಯೂರಿ, ಹಲ್ಲು ಕಚ್ಚಿ ತಿಕ್ಕಿದೆ.
ಹೋಯಿತು.
ನಾಲ್ಕು ದಿನಕ್ಕೆ ನೆಂಟರನ್ನೂ ಕಟ್ಟಿಕೊಂಡು ಬಂತು.
ಇನ್ನೂ ತಿಕ್ಕಿದೆ.
ಒಂಡಾಂಗ್ವಾ ಕಡೆಯ ನಮ್ಮವ್ವ
ಬೀಡಿನ ಮೂರು ಕಾಲಿನ ಪಾತ್ರೆಯನ್ನು
ಮರಳು ಹಾಕಿ, ಬೂದಿ ಹಾಕಿ ತಿಕ್ಕುತ್ತಿದ್ದಳು.
ತಿಕ್ಕುವುದು ನಮ್ಮ ಮನೆಯ ವಿದ್ಯೆ.

ಪಾತ್ರೆ ಹೊತ್ತು ಕಾರ್ಖಾನೆಯ ಗೇಟಿಗೇ ಹೋದೆ.
"ನಕಲಿ ಮಾಲು ಕೊಟ್ಟು ಕಳಿಸಿದಿರಲ್ಲ" ಎಂದೆ.
ಕಾವಲಿನ ಹುಡುಗ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡ.
ಅದೂ ತಪ್ಪು: ಹಿಲೇನಿ ಅನ್ನುವಲ್ಲಿ ಹೆಲೆನಾ.

ತುಯಾಕುಲ ಹಡಗಿನ ಅಡುಗೆಮನೆಯಲ್ಲಿ ದುಡಿದವಳು.
ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು
ನಾಡಿ ನೋಡುವವಳ ಹಾಗೆ ತಿರುಗಿಸಿದಳು.
"ಏನು ಹಾಕಿ ಉಜ್ಜುತ್ತೀ?"
ತೋರಿಸಿದೆ.
"ಹಿಲೇನಿ, ಈ ತುಕ್ಕು ಪಾತ್ರೆಯದಲ್ಲ.
ನಿನ್ನ ನಾರಿನದು.
ಉಜ್ಜಿದಷ್ಟೂ ಅದು ಮುರಿದು ಮುರಿದು
ಕಣ್ಣಿಗೆ ಕಾಣದ ಚೂರಾಗಿ ಗೀರಿನೊಳಗೆ ಕೂರುತ್ತದೆ.
ಕಾವಳ ಬಂದು ಎಬ್ಬಿಸುತ್ತದೆ.
ನೀನು ತಿಕ್ಕಿದ್ದೇ ತುಕ್ಕಾಯಿತು, ನೋಡು."

ಎರಡು ಚಮಚ ಅಡುಗೆ ಸೋಡ, ಒಂದಿಷ್ಟು ನೀರು.
ಹರಿಯಬಾರದು, ಉದುರಲೂಬಾರದು.
ಹಳೇ ಬನಿಯನ್ನಿನ ಚಿಂದಿ.
"ಸ್ಟೀಲಿಗೂ ಎಳೆಯಿರುತ್ತದೆ, ಮರಕ್ಕಿರುವ ಹಾಗೆ.
ಅದು ಹೋದ ಕಡೆಗೇ ಕೈ ಹೋಗಲಿ. ಸುತ್ತಬೇಡ."
ಹಿಡಿಯ ಬುಡಕ್ಕೆ ವಿನೆಗರಿನಲ್ಲಿ ಅದ್ದಿದ ಬಟ್ಟೆ,
ಸಜ್ಜೆ ಮುದ್ದೆ ಬೇಯುವಷ್ಟು ಹೊತ್ತು.
ಆಮೇಲೆ ನೀರು.
ಆಮೇಲೆ, ಮರೆತೀಯೆ, ಒರೆಸು.
ಗಾಳಿಗೆ ಒಣಗಲಿ ಅಂತ ಬಿಟ್ಟರೆ,
ಗಾಳಿ ಯಾರ ಕಡೆಯವಳು? ಕಡಲಿನವಳು.

ಬಲವೇ ಬೇಕಾಗಲಿಲ್ಲ.
ಸಿಟ್ಟು ಬಂದದ್ದೇ ಅದಕ್ಕೆ.
ಮಗುವಿನ ಬಾಯಿ ಒರೆಸುವಷ್ಟು ಕೈ ಸಾಕಾಯಿತು.
ಚಹದ ಕಲೆಯಂತೆ ಬಟ್ಟೆಗಿಳಿದು ಬಂತು,
ಮೂರು ತಿಂಗಳ ನನ್ನ ರಟ್ಟೆ.

ಮಗುವಿನ ಬಾಯಿ ಎಂದೆನಲ್ಲ.
ನೇಲಾಗೊ ಶಾಲೆಗೆ ಹೊರಡುವಾಗ
ಅವಳ ಮೊಣಕೈ, ಕತ್ತು, ಕಿವಿಯ ಹಿಂದೆ
ಬ್ರಷ್ಷು ಹಿಡಿದು ತಿಕ್ಕುತ್ತಿದ್ದೆ,
ಕಾರ್ಖಾನೆಯವಳ ಮಗಳು ಮೀನು ನಾರುತ್ತಾಳೆ
ಎಂದು ಯಾರೂ ಆಡಬಾರದೆಂದು.
"ಮೇಮೆ, ಉರಿಯುತ್ತೆ" ಅನ್ನುತ್ತಿದ್ದಳು.
ಇನ್ನೂ ತಿಕ್ಕುತ್ತಿದ್ದೆ.
ರಾತ್ರಿ ಪಾಳಿ ಮುಗಿಸಿ ಬಂದ ಕೈಯಿಂದ.
ಮೀನು ನಾರುತ್ತಿದ್ದ ಕೈಯಿಂದ.

ಭಾನುವಾರ ಬಂದಳು, ತನ್ನ ಹುಡುಗನ ಜೊತೆ.
"ಹೊಸದಾ?" ಅಂದಳು ಪಾತ್ರೆ ನೋಡಿ.
ಉತ್ತರ ಹೇಳದೆ ಬಟ್ಟೆ ಕೊಟ್ಟೆ:
"ಒರೆಸಿಡು. ಮೆಲ್ಲಗೆ."
ಆ ಮಾತು ನನ್ನ ಬಾಯಿಂದ ಬಂದಿತೆಂದು
ನಂಬಲಾಗದೆ ಇರಬೇಕು,
ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.
ಆಮೇಲೆ ಒರೆಸಿದಳು.
ಮುಚ್ಚಳದ ಗುಬಟಿನಡಿ ಒಂದು ಚುಕ್ಕೆ ಉಳಿದಿದೆ. ನಾಳೆಗಿರಲಿ.

ನಾರು ಎಸೆದಿಲ್ಲ.
ಅವ್ವನ ಮೂರು ಕಾಲಿನ ಪಾತ್ರೆಗೆ ಅದೇ ಬೇಕು.
ಬೇರೆ ಗೂಡಿನಲ್ಲಿ, ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ
ಒಣಗಿಸಿ ಇಟ್ಟಿದ್ದೇನೆ.