ಕಡ್ಲೆಪುರಿ ಡಬ್ಬ

ನಮ್ಮನೆ ಕಡ್ಲೆಪುರಿ ಎಂದೂ ಮೆತ್ತಗಾಗುವುದಿಲ್ಲ.
ಡಬ್ಬಕ್ಕೆ ಹನ್ನೆರಡು ತಿರುಪು, ಸುತ್ತ ರಬ್ಬರಿನ ಬಳೆ,
ಮುಂದುಗಡೆ ಅಂಗೈಯಗಲದ ಒಂದು ಕಣ್ಣು.
ಮುಚ್ಚಳ ತೆಗೆಯದೆಯೇ ಅಜ್ಜಿ ಹೇಳುತ್ತಿದ್ದಳು:
ಇನ್ನೊಂದು ಸೇರು ತರಬೇಕು ಕಣೇ.

ಮಾಡಿದವನು ತಾತ, ಎತಿರಾಜು,
ವಿಮಾನ ಕಾರ್ಖಾನೆಯ ಫಿಟ್ಟರು.
ಅರವತ್ತೇಳೋ ಅರವತ್ತೆಂಟೋ,
ಗಾಂಧಿನಗರದಿಂದ ಕ್ಯಾಮೆರಾದವನೊಬ್ಬ ಬಂದು
ಒಗೆಯೋ ಕಲ್ಲಿನ ಮೇಲೆ ಕೂತನಂತೆ:
"ನೀರಿಗೆ ಇಳಿಯೋ ಪೆಟ್ಟಿಗೆ ಬೇಕು ರಾಜಣ್ಣ.
ಒಳಗಿರೋದು ಬಾಡಿಗೆ ಕ್ಯಾಮೆರಾ.
ಒಂದು ತೊಟ್ಟು ಹೋದ್ರೂ ನನ್ನ ಮನೆ ಹೋಯ್ತು."

ಅಲ್ಲೀವರೆಗೆ ನಮ್ಮ ಪಾತಾಳಲೋಕದಲ್ಲಿ
ನೀರೇ ಇರಲಿಲ್ಲ.
ಲೆನ್ಸಿನ ಮುಂದೊಂದು ಮೀನಿನ ತೊಟ್ಟಿ,
ಅದರಾಚೆ ಒಣ ನೆಲದಲ್ಲಿ ನಿಂತು
ತೇಲಿದ ಹಾಗೆ ಕೈಯಾಡಿಸುವ ನಾಗಕನ್ಯೆ.
ಒಮ್ಮೊಮ್ಮೆ ಮೀನೊಂದು
ಅವಳ ತಲೆಗಿಂತ ದೊಡ್ಡದಾಗಿ ಹಾದುಹೋಗುತ್ತಿತ್ತು.
ಜನ ಅದಕ್ಕೂ ಕೈಮುಗಿಯುತ್ತಿದ್ದರು.

ಹೊರದೇಶದಲ್ಲಿ, ನಾನು ಹುಟ್ಟೋಕೆ ಮುಂಚೇನೇ,
ಕಬ್ಬಿಣದ ಕೊಳವೆಯಲ್ಲಿ ಸಮುದ್ರಕ್ಕಿಳಿದು
ಕಿಟಕಿಗೆ ಕಣ್ಣಿಟ್ಟು ರೀಲು ತಿರುಗಿಸಿದ್ದಾರೆ ಅಂದನಂತೆ ಆತ.
"ಅವರಿಗೆ ಸಮುದ್ರ ಇತ್ತಲ್ಲ," ಅಂದ ತಾತ
ಬೀಡಿ ಆರಿಸಿದ.

ಕುಕ್ಕರಿನ ಗ್ಯಾಸ್ಕೆಟ್ಟು. ಜೇನುಮೇಣ.
ಗುಜರಿಗೆ ಬಿದ್ದ ವಿಮಾನದ ಕಿಟಕಿಯ ಚೂರು,
ಎಷ್ಟೋ ಮೋಡ ನೋಡಿದ್ದು.
ರಾತ್ರಿ ಒಳಗೆ ಪೇಪರು ಮಡಿಸಿಟ್ಟು
ಬಚ್ಚಲ ತೊಟ್ಟಿಯಲ್ಲಿ ಮುಳುಗಿಸುವುದು,
ಬೆಳಿಗ್ಗೆ ತೆಗೆದು ಓದುವುದು.
ಏಳು ದಿನ ಸುದ್ದಿಯೆಲ್ಲ ಅಂಬಲಿ.
ಎಂಟನೆಯ ದಿನ
ಹಳಸಲು ಸುದ್ದಿ ಗರಿಗರಿಯಾಗಿತ್ತು.

ಹೆಣ್ಣೂರಿನಾಚೆ ಕಲ್ಲುಗಣಿಯ ಹೊಂಡ.
ಹೀರೋಯಿನ್ನಿಗೆ ಈಜು ಬಾರದು.
ಅವಳ ಸೀರೆಯುಟ್ಟು ಹಾರಿದವಳು ಫ್ರೇಜರ್‌ಟೌನಿನ ಕ್ಲಾರಿಸ್ ಟೀಚರು,
ಆರು ಸಲ, ಡಿಸೆಂಬರಿನಲ್ಲಿ,
ಕಡೆಗೆ ತುಟಿಯೆಲ್ಲ ನೇರಳೆ ಹಣ್ಣು.
ಉಳಿದದ್ದು ನಲವತ್ತು ಸೆಕೆಂಡು,
ಅವಳ ಹೆಸರು ಟೈಟಲಿನಲ್ಲೂ ಇಲ್ಲ.

ಚಿತ್ರ ಬಂದದ್ದು ಮೆಜೆಸ್ಟಿಕ್ಕಿನ ಕಡೆ ಟಾಕೀಸಿಗೆ.
ಮಗ್ಗುಲಲ್ಲೇ ಧರ್ಮಾಂಬುಧಿ,
ಕಡಲಿಲ್ಲದ ಊರು ತನ್ನ ಕೆರೆಗೆ
ಕಡಲಿನ ಹೆಸರಿಟ್ಟು
ಆಮೇಲೆ ಅದರ ತಳಕ್ಕೆ ಬಸ್ಸು ಬಿಟ್ಟಿತು.
ಕೆರೆಯಂಗಳದ ಕತ್ತಲಲ್ಲಿ ಕೂತು
ಎಂಟುನೂರು ಜನ ಉಸಿರು ಹಿಡಿದರು.
ಅವಳ ಜಡೆ ಬಿಚ್ಚಿಕೊಂಡು
ಹೊಗೆಯ ಹಾಗೆ ಮೇಲೇಳುತ್ತಿತ್ತು,
ಯಾವ ಆತುರವೂ ಇಲ್ಲದೆ.

ಅದಾದ ಮೇಲೆ, ಅಜ್ಜಿ ಹೇಳುತ್ತಿದ್ದಳು,
ನಮ್ಮ ಕಾಟನ್‌ಪೇಟೆಯಲ್ಲಿ ಯಾರೂ ಸುಮ್ಮನೆ ಮುಳುಗಲಿಲ್ಲ.
ಕನಸಲ್ಲೂ ಕೂದಲು ನಿಧಾನ ಮೇಲೇಳಬೇಕು.
ಹಜಾಮರ ಅಂಗಡಿಗೆ ನೀಲಿ ಗೋಡೆ ಬಂತು,
ಸ್ಟುಡಿಯೋಗೆ ಹವಳದ ಪರದೆ,
ಕಡಲು ಕಾಣದ ಹುಡುಗರು ಬೀದಿಯಲ್ಲಿ
ನೀರೊಳಗಿನ ನಡಿಗೆ ನಡೆದು
ಸ್ಕೂಲಿಗೆ ತಡವಾದರು.

ತಾತ ಹದಿನಾರು ಸಲ ನೋಡಿದ.
ಅವಳ ಕಡೆ ಒಂದು ಸಲವೂ ಕಣ್ಣು ಹಾಯಿಸಲಿಲ್ಲವಂತೆ.
ಪರದೆಯ ಎಡಮೂಲೆಯನ್ನೇ ನೋಡುತ್ತಿದ್ದ,
ಎಲ್ಲಾದರೂ ಒಂದು ಹನಿ
ಒಳಗೆ ಬರುತ್ತದೇನೋ ಅಂತ.

ನನ್ನದು ಹೊಲಿಗೆ.
ಸರ್ಜಾಪುರ ರಸ್ತೆಯ ಈಜುಕೊಳದಲ್ಲಿ
ಮದುವೆಗೆ ಮುಂಚಿನ ಫೋಟೋ ತೆಗೆಸುವ ಜೋಡಿಗಳಿಗೆ
ಸೀರೆಯಂಚಿನ ಒಳಗೆ ಸೀಸದ ಗುಂಡು ಹೊಲಿಯುತ್ತೇನೆ.
ಇಲ್ಲದಿದ್ದರೆ ರೇಷ್ಮೆ ಮೇಲೆದ್ದು ಮಾನ ಕಳೆಯುತ್ತದೆ.
ಗುಳ್ಳೆಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ,
ಇಬ್ಬರೂ ಉಸಿರೇ ಆಡದವರ ಹಾಗೆ ನಗುತ್ತಿರುತ್ತಾರೆ.
ನಿನ್ನೆಯ ಹುಡುಗಿ ಮೂಗು ಹಿಂಡಿಕೊಳ್ಳುತ್ತಾ ಅಂದಳು:
"ಕೆಳಗಡೆ ಏನೂ ಕಾಣಲ್ಲ ಅಕ್ಕ, ಬರೀ ಮಬ್ಬು.
ಇವನ ಮುಖಾನೂ."

ಮನೆಗೆ ಬಂದು ಡಬ್ಬ ತೆಗೆದೆ.
ಹನ್ನೆರಡು ಅಂದೆನಲ್ಲ, ಹನ್ನೊಂದೇ.
ಒಂದು ತಿರುಪು ಆ ಹೊಂಡದಲ್ಲೇ ಬಿತ್ತಂತೆ.
ತೂತಿಗೆ ಅಜ್ಜಿ ತುರುಕಿದ ಬಟ್ಟೆಯ ಚೂರು
ಹಾಗೇ ಇದೆ, ಯಾವುದೋ ಸೀರೆಯ ಅಂಚು.
ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.
ಗರಿಗರಿ.