ಒಂದೂವರೆ ಒತ್ತು

ಬೆಳಿಗ್ಗೆ ಐದೂವರೆ. ಮಲ್ಪೆ ಬಂದರಿನ ಕಡೆಯಿಂದ
ಮೊದಲ ಬೋಟುಗಳ ಸದ್ದು.
ಬಚ್ಚಲಿನ ಕನ್ನಡಿಯೆದುರು
ಎರಡೂ ತೋಳು ಅಗಲಿಸಿ ನಿಂತಿದ್ದೇನೆ,
ಧಕ್ಕೆಯ ಕಂಬದ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆ.
ಹಚ್ಚಿದ ಜೆಲ್ ಆರಬೇಕು, ಆಮೇಲೆಯೇ ರವಿಕೆ.
ಈ ಊರಿನ ಗಾಳಿಯಲ್ಲಿ ಭರಣಿಯ ಉಪ್ಪೇ ಆರುವುದಿಲ್ಲ,
ನಾನು ಆರುವುದು ಯಾವಾಗ?

ಕಲ್ಸಂಕದ ಡಾಕ್ಟರಮ್ಮ ಹೇಳಿದ್ದು:
ಒಂದು ಒತ್ತು ಸಾಲಲಿಲ್ಲ, ಎರಡು ಹೆಚ್ಚಾಯ್ತು,
ಒಂದೂವರೆ ನೋಡುವ.
ಅರ್ಧ ಒತ್ತು ಎಂದರೆ ಎಷ್ಟು ಅಂತ
ಇಪ್ಪತ್ತೇಳು ವರ್ಷ ಐಸ್ ಪ್ಲಾಂಟಿನ ಲೆಕ್ಕ ಬರೆದವಳಿಗೆ
ಯಾರಾದರೂ ಹೇಳಿಕೊಡಿ.
ಒಂದು ದಿನ ಕಾಲು ಬೀಳುತ್ತದೆ, ಒಂದು ದಿನ ಮುಕ್ಕಾಲು,
ಬಿದ್ದಷ್ಟಕ್ಕೆ ತಕ್ಕ ಹಾಗೆ ನಾನು.

ಮನಸ್ಸು ಹೇಗಿತ್ತೆಂದು ದಿನವೂ ಬರೆದಿಡಿ ಅಂದರು.
ಹಳೆಯ ಲೆಡ್ಜರಿನ ಹಿಂಬದಿಯಲ್ಲಿ ಗೆರೆ ಎಳೆದೆ.
ಸೋಮವಾರ. ಸಿಟ್ಟು. ಕಾರಣ, ಡಬ್ಬಿಯ ಮುಚ್ಚಳ.
ಮಂಗಳವಾರ. ಸಿಟ್ಟು, ಮೂರು ಸಲ. ಮೂರನೆಯದು
ಜಲಜಾಕ್ಷಿಯ ಮೇಲೆ, ಪಾಪ,
ಊಟ ಆಯ್ತಾ ಅಕ್ಕ ಎಂದು ಕೇಳಿದ್ದಕ್ಕೆ.
ಬುಧವಾರ. ಅಳು. ಸಿಟಿ ಬಸ್ಸು ಆದಿಉಡುಪಿ ದಾಟುವಾಗ
ಕಂಡಕ್ಟರ್ ಹುಡುಗ ನೆನಪಿಟ್ಟು ಚಿಲ್ಲರೆ ಕೊಟ್ಟ.
ಕಾರಣದ ಕಡೆ ‘ಎರಡು ರೂಪಾಯಿ’ ಎಂದು ಬರೆದೆ.
ಸುಳ್ಳಲ್ಲ.

ಇದರ ಮೇಲೆ ತಿಂಗಳಲ್ಲಿ ಹನ್ನೆರಡು ರಾತ್ರಿ
ಮೀನಿನ ಕಣ್ಣಿನಷ್ಟು ದುಂಡಗಿನ ಒಂದು ಮಾತ್ರೆ.
ನಿದ್ದೆ ಬರುತ್ತದೆ, ಹೌದು,
ಮಂಜುಗಡ್ಡೆಗೆ ಹೊದಿಸುವ ಒದ್ದೆ ಗೋಣಿಯ ಹಾಗೆ.
ಬೆಳಗಾದರೂ ಯಾರೂ ಅದನ್ನು ಎತ್ತುವುದಿಲ್ಲ.
ಆ ದಿನಗಳಲ್ಲಿ ಕಡಲು ಕಂಡರೆ
ಯಾಕಪ್ಪಾ ಇಷ್ಟು ನೀರು ಅನಿಸುತ್ತದೆ.
ವಾಮನ ತಾನೇ ಬಂಗುಡೆ ಪುಳಿಮುಂಚಿ ಮಾಡಿ ಬಡಿಸಿದರೆ
ಉಪ್ಪು ಕಮ್ಮಿ ಎಂದವಳು ನಾನು,
ಒಳಗೆ ಹೋಗಿ ಅವನ ಅಂಗಿ ಮೂಸಿ ನಿಂತವಳೂ ನಾನು.
ಈ ಇಬ್ಬರಲ್ಲಿ ಮದ್ದು ಯಾರು?
ಅವನು ಬೆಳಿಗ್ಗೆ ಕೇಳುವುದು ಒಂದೇ: ಇವತ್ತು ಎಷ್ಟು ಬಿತ್ತು?
ಸಮುದ್ರ ಹೇಗುಂಟು ಎಂದು ವಿಚಾರಿಸುವವನ ಸ್ವರದಲ್ಲಿ.

ಬಿಸಿ ಏರುವುದು ಹೇಳಿ ಕೇಳಿ ಅಲ್ಲ.
ಕಿವಿಯ ಹಿಂದೆ ಶುರು, ಕುತ್ತಿಗೆ, ಎದೆ, ಹೊಟ್ಟೆ.
ವೋಚರು ಬಿಟ್ಟು ಕೆಳಗಿಳಿಯುತ್ತೇನೆ,
ಗಡ್ಡೆ ಜಾರಿ ಬರುವ ಹಲಗೆಯ ಬಳಿ ಮುಂಗೈ ಒಡ್ಡಿ ನಿಲ್ಲುತ್ತೇನೆ.
ಲೋಡಿಂಗಿನ ಹುಡುಗರು ನೋಡದವರಂತೆ ನೋಡುತ್ತಾರೆ.
ಅಲ್ಲೇ ಕಂಪ್ರೆಸರಿನ ಮಯ್ಯದ್ದಿ ಹೊಸಬನಿಗೆ ಕಲಿಸುತ್ತಿದ್ದ:
“ಒಂದು ಚೂರು ತಿರುಗಿಸು. ಆಯ್ತಾ? ಇನ್ನು ಕೈ ಹಿಂದೆ ಕಟ್ಟು.
ಮುಳ್ಳು ಕುಣಿಯುತ್ತದೆ, ಕುಣಿಯಲಿ ಮಾರಾಯ.
ಕುಣಿಯುವಾಗ ಪುನಃ ತಿರುಗಿಸಿದೆಯೋ,
ಟ್ಯಾಂಕಿಗೆ ಟ್ಯಾಂಕೇ ಹಾಳು.”
ನನಗೆ ಹೇಳಿದ್ದಲ್ಲ. ಆದರೂ ಮೇಲೆ ಬಂದು
ವೋಚರಿನ ಮೂಲೆಯಲ್ಲಿ ಬರೆದುಕೊಂಡೆ.
ಆಮೇಲೆ ಸಿಟ್ಟು ಬಂತು:
ನಾನೇನು ಅಮೋನಿಯಾ ಟ್ಯಾಂಕೇ?

ಅಮ್ಮ ಈ ಪ್ರಾಯದಲ್ಲಿ
ನಡುರಾತ್ರಿ ಬಾವಿಕಟ್ಟೆಗೆ ಹೋಗಿ
ಕೊಡಕೊಡ ನೀರು ತಲೆಗೆ ಸುರಿದುಕೊಳ್ಳುತ್ತಿದ್ದಳು.
ಗಾಳಿ ಸೋಕಿದೆ ಎಂದು ತೋಳಿಗೆ ನೂಲು ಕಟ್ಟಿಸಿದರು.
ಕೊಳೆ ಹಿಡಿದು ಕಪ್ಪಾಗಿ
ತಾನಾಗಿ ಹರಿಯುವವರೆಗೆ ಇತ್ತು ಅದು.
ರಾಟೆಯ ಕಿರುಚಿಗೆ ಎಚ್ಚರಾಗಿ
ಚಾಪೆಯಲ್ಲಿ ಹೊರಳಿ ಬೈದುಕೊಂಡವಳು ನಾನು.
ಈಗ ಜೆಲ್ ಹಚ್ಚುವಾಗ ಬೆರಳು
ನೂಲಿದ್ದ ಜಾಗಕ್ಕೇ ಹೋಗುತ್ತದೆ,
ಒಂದು ಸುತ್ತು ಹೆಚ್ಚಿಗೆ ತಿಕ್ಕುತ್ತದೆ.

ಶುಕ್ರವಾರದ ಸಾಲು ಖಾಲಿ ಉಂಟು.
ಬರೆಯಲು ಮರೆತದ್ದು, ಶನಿವಾರ ಕಂಡಿತು.
ಏನಾಗಿತ್ತು ಶುಕ್ರವಾರ?
ಬೂತಾಯಿ ರಾಶಿ ಬಿದ್ದಿತ್ತು, ಎಂಟು ಲೋಡು ಐಸು ಹೋಯಿತು,
ಜಲಜಾಕ್ಷಿ ತಂದ ಮೂಡೆ ತಿಂದೆವು, ಎಲೆಯ ಪರಿಮಳ
ಸಂಜೆವರೆಗೂ ಕೈಯಲ್ಲಿತ್ತು.
ಬೇರೆ ನೆನಪಿಲ್ಲ.
ಲೆಕ್ಕದವಳು ಸಾಲು ಖಾಲಿ ಬಿಡಬಾರದು,
ಅಡ್ಡಗೆರೆಯಾದರೂ ಎಳೆಯಬೇಕು.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಬಿಟ್ಟೆ.

ಕೆಳಗೆ ಬರೆದೆ:
ಶನಿವಾರ. ಸಿಟ್ಟು. ಕಾರಣ, ಪುನಃ ಆ ಮುಚ್ಚಳ.